ಬತ್ತೇರಿಯಿಂದ ತಂದ ಚಪ್ಪಲಿ

ಮದುವೆಯಾಗಿ ಎರಡು ವರ್ಷವಾದರೂ ನಾನು ನನ್ನ ಹೆಂಡತಿಗೆ ಒಂದು ಸೀರೆ ತಂದುಕೊಟ್ಟಿರಲಿಲ್ಲ. ಕೇಣಿಚಿರದ ಮಂಡಿಯೊಂದರಲ್ಲಿ ಕರಿಮೆಣಸು ಒಣಗಿಸುವುದು, ತೂರುವುದು, ಚೀಲ ಹೊಲಿಯುವುದು ನನ್ನ ಕೆಲಸ. ಬರುವ ಕೂಲಿ ಮನೆಯ ಅಕ್ಕಿಗೂ ಅಮ್ಮನ ದಮ್ಮಿನ ಔಷಧಿಗೂ ಸರಿಹೋಗುತ್ತಿತ್ತು. ವಯನಾಡು ಆಗಷ್ಟೇ ಜಿಲ್ಲೆಯಾಗಿತ್ತು. ಎಲ್ಲಿ ನೋಡಿದರೂ ಹೊಸ ಬೋರ್ಡು, ಹೊಸ ಕಚೇರಿ, ಹೊಸ ಸಾಹೇಬರು. ನಮ್ಮ ಮನೆಯಲ್ಲಿ ಹೊಸದೆಂದರೆ ಅವಳೊಬ್ಬಳೇ.

ಸೀರೆ ತರಲಾಗದಿದ್ದರೂ ನಾನು ಸುಮ್ಮನಿದ್ದವನಲ್ಲ. ಅವಳನ್ನು ಕಣ್ಣಿಟ್ಟು ನೋಡುತ್ತಿದ್ದೆ. ಕಾಫಿ ಕೊಯ್ಯುವಾಗ ಕೂದಲು ರೆಂಬೆಗೆ ಸಿಕ್ಕಿಕೊಳ್ಳುತ್ತದೆಂದು ತಿಳಿದ ದಿನ ಒಂದು ಹಾಳೆ ಪಿನ್ನು ತಂದೆ. ಕರ್ಕಾಟಕ ಮಾಸದ ಮಳೆಗೆ ಉಪ್ಪೆಲ್ಲ ನೀರಾಯಿತೆಂದು ಗೊಣಗಿದಾಗ, ಮಂಡಿಯ ಯಜಮಾನರು ಎಸೆದಿದ್ದ ಬಿಸ್ಕತ್ತಿನ ಡಬ್ಬ ತಿಕ್ಕಿ ತೊಳೆದು, ಮುಚ್ಚಳದ ಅಂಚಿಗೆ ಸೈಕಲ್ ಟ್ಯೂಬಿನ ಪಟ್ಟಿ ಕೂಡಿಸಿ ಕೊಟ್ಟೆ. ಅವಳ ತವರು ಮುಳ್ಳನ್‌ಕೊಲ್ಲಿಯ ಆಚೆ, ಹೊಳೆಯ ದಡ. ಅಲ್ಲಿಂದ ಮೆಣಸು ತರುವ ಜೀಪಿನವನಿಗೆ ಹೇಳಿ ಒಮ್ಮೆ ಎಲೆಯಲ್ಲಿ ಕಟ್ಟಿದ ಒಣಮೀನು ತರಿಸಿದೆ. ಅವಳು ಅದನ್ನು ಮೂರು ದಿನ ಇಟ್ಟುಕೊಂಡು ತಿಂದಳು. ಕೈಯಲ್ಲಿ ಕಾಸಿಲ್ಲದವನು ಕಣ್ಣಿನಿಂದಲೇ ಕೊಡಬೇಕು ಎಂಬುದು ಆಗ ನನ್ನ ಸಿದ್ಧಾಂತ. ಅವಳಿಗೆ ಏನು ಬೇಕೆಂಬುದು ಅವಳಿಗಿಂತ ಮೊದಲು ನನಗೇ ಗೊತ್ತಾಗುತ್ತದೆಂಬ ಸೊಕ್ಕೂ ಇತ್ತು.

ಅಷ್ಟು ನೋಡುತ್ತಿದ್ದವನು ಬೇರೆ ಕೆಲವನ್ನೂ ನೋಡಿದ್ದೆ. ಅವಳ ಎಡಗಾಲಿನ ಮೀನಖಂಡದ ಮೇಲೆ ಅಂಗೈಯಷ್ಟು ಜಾಗ ಬಣ್ಣ ಕಳೆದುಕೊಂಡಿತ್ತು. ಚಿಬ್ಬು ಎಂದು ಅಮ್ಮ ಎಣ್ಣೆ ಹಚ್ಚಿಸುತ್ತಿದ್ದಳು. ಒಂದು ಸಲ ಅವಳ ಅಂಗಾಲಲ್ಲಿ ಕಿತ್ತಳೆ ಗಿಡದ ಮುಳ್ಳು ಮುರಿದಿರುವುದು ನನ್ನ ಕಣ್ಣಿಗೆ ಬಿತ್ತು. ಚುಚ್ಚಿ ಎರಡು ದಿನವಾದರೂ ಆಗಿರಬೇಕು. ನಾನು ದಬ್ಬಣದಿಂದ ಕೀಳುವಾಗ ಅವಳು ಅಕ್ಕಿ ಆರಿಸುತ್ತ ಕೂತಿದ್ದಳು, ಒಂದು ಸಲವೂ ಕಾಲು ಎಳೆದುಕೊಳ್ಳಲಿಲ್ಲ. ಮಾರನೆಯ ದಿನ ಮಂಡಿಯಲ್ಲಿ ನಾನು ಅದನ್ನು ಹೆಮ್ಮೆಯಿಂದ ಹೇಳಿಕೊಂಡೆ. ನನ್ನ ಹೆಂಡತಿಯದು ಕಲ್ಲಿನ ಕಾಲು ಅಂದೆ. ಎಲ್ಲರೂ ನಕ್ಕರು.

ಆ ಮುಳ್ಳಿನಿಂದಲೇ ನನಗೆ ಚಪ್ಪಲಿಯ ಯೋಚನೆ ಬಂದದ್ದು. ಅವಳು ಹುಟ್ಟಿದಾಗಿನಿಂದ ಬರಿಗಾಲಲ್ಲೇ ನಡೆದವಳು. ಕೇಳಿದರೆ ಬೇಡ ಅನ್ನುತ್ತಾಳೆಂದು ಕೇಳಲಿಲ್ಲ. ಅಂಗಳ ಸಾರಿಸಿದ ಬೆಳಿಗ್ಗೆ ಹಸಿ ಸೆಗಣಿಯ ಮೇಲೆ ಅವಳ ಹೆಜ್ಜೆ ಮೂಡಿತ್ತು. ಬಾಳೆನಾರಿನಿಂದ ಅದರ ಉದ್ದ, ಅಗಲ ಅಳೆದು ಎರಡು ಗಂಟು ಹಾಕಿ ಜೇಬಿಗಿಟ್ಟುಕೊಂಡೆ. ಆಮೇಲೆ ಎಷ್ಟೋ ತಿಂಗಳು ಬೀಡಿ ಬಿಟ್ಟೆ, ಭಾನುವಾರ ಲಾರಿಗೆ ಚೀಲ ಹೊತ್ತೆ. ಕೊನೆಗೊಂದು ದಿನ ಸುಲ್ತಾನ್ ಬತ್ತೇರಿಯ ಬಸ್ಸು ಹತ್ತಿದೆ.

ಅಂಗಡಿಯವನು ಮೊದಲು ತೆಗೆದುಕೊಟ್ಟದ್ದು ರಬ್ಬರಿನದು. ಮಳೆಗೂ ಕೆಸರಿಗೂ ಇದೇ ಒಳ್ಳೆಯದು, ಒಂದು ನಂಬರು ದೊಡ್ಡದೇ ತಗೋ ಎಂದು ಮಲಯಾಳದಲ್ಲಿ ತಿಳಿಹೇಳಿದ. ನನ್ನ ಕಣ್ಣು ಪಕ್ಕದಲ್ಲಿದ್ದ ಕಂದು ತೊಗಲಿನ ಜೊತೆಯ ಮೇಲೆ ನೆಟ್ಟಿತ್ತು. ಬೆರಳುಗಳ ಮೇಲೆ ಅಡ್ಡಪಟ್ಟಿ, ಹಿಮ್ಮಡಿಗೊಂದು ಪಟ್ಟಿ, ಹಿತ್ತಾಳೆಯ ಬಕಲು. ಶಾಲೆಯ ಟೀಚರುಗಳು ಅಂಥದ್ದನ್ನು ಹಾಕುತ್ತಿದ್ದರು. ಅದರಲ್ಲಿ ದೊಡ್ಡ ನಂಬರು ಇರಲಿಲ್ಲ. ನಾರು ಇಟ್ಟು ನೋಡಿದೆ. ಗಂಟು ಅಂಚಿಗೆ ಸರಿಯಾಗಿ ಬಂತು, ಒಂದು ಕೂದಲೆಳೆ ಆಚೆ ಇದ್ದರೂ ಇತ್ತು. ತೊಗಲು ಹಿಗ್ಗುತ್ತದೆ ಅಂದುಕೊಂಡೆ. ಅಷ್ಟು ದಿನ ಅವಳಿಗೆ ಬೇಕಾದ್ದನ್ನೇ ಹುಡುಕಿ ತಂದವನಿಗೆ, ಒಂದೇ ಒಂದು ಸಲ ಚೆಂದದ್ದನ್ನು ಕೊಡುವ ಆಸೆಯಾಯಿತು.

ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಬಕಲನ್ನೇ ತಿರುಗಿಸುತ್ತಿದ್ದಳು. ಅಮ್ಮ ಬಾಗಿಲಲ್ಲಿ ನಿಂತು, ತೋಟದ ಕೆಲಸದವಳಿಗೆ ಇದ್ಯಾಕೆ ಅಂದಳು. ಹಾಕಿಕೊಂಡು ನಡೆದು ತೋರಿಸು ಎಂದೆ. ನಡೆದಳು. ಬಿಗಿಯೇ ಎಂದು ಕೇಳಿದೆ. ಇಲ್ಲ, ಸರಿಯಾಗಿದೆ ಎಂದಳು. ಅಂದಿನಿಂದ ಅವಳು ಅದನ್ನು ಬಿಡಲಿಲ್ಲ. ನೀರಿಗೆ, ಸೌದೆಗೆ, ಅಂಗಡಿಗೆ ಎಲ್ಲಿಗೆ ಹೋದರೂ ಹಾಕಿಕೊಳ್ಳುವಳು. ತವರಿನಲ್ಲಿ ಒಂದು ಮದುವೆಗೆ ಹೋದಾಗ ಬಸ್ಸಿಳಿದು ಹೊಳೆಯವರೆಗೆ ಅದರಲ್ಲೇ ನಡೆದು, ಮದುವೆಮನೆಯ ಹೆಂಗಸರಿಗೆಲ್ಲ ತೋರಿಸಿ ಬಂದಳು. ಆ ದಿನ ಅವಳ ಮುಖ ಎಷ್ಟು ಗೆಲುವಾಗಿತ್ತೆಂದು ಈಗ ನೆನೆಸಿಕೊಳ್ಳಲು ನನಗೆ ಆಗುವುದಿಲ್ಲ.

ಆ ತಿಂಗಳಲ್ಲೇ ಮಳೆ ಹಿಡಿಯಿತು. ಮನೆಯೊಳಗೆ ಒಂದು ವಾಸನೆ ಶುರುವಾಯಿತು. ಇಲಿ ಸತ್ತಿರಬೇಕೆಂದು ಅಮ್ಮ ಹೇಳಿದಳು. ನಾವು ಮೂವರೂ ಸೇರಿ ಅಟ್ಟ ಹುಡುಕಿದೆವು, ಸೌದೆರಾಶಿ ಕೆದಕಿದೆವು, ಮಂಚದ ಅಡಿಯ ಚೀಲಗಳನ್ನು ಹೊರಗೆ ಹಾಕಿದೆವು. ಅವಳೇ ಎಲ್ಲರಿಗಿಂತ ಹೆಚ್ಚು ಹುಡುಕಿದಳು. ಇಲಿ ಸಿಗಲಿಲ್ಲ. ಮೂರನೆಯ ದಿನ ಅವಳು ಬಾಗಿಲ ಮೆಟ್ಟಿಲ ಮೇಲೆ ಕೂತು ಬಕಲು ಬಿಚ್ಚುತ್ತಿದ್ದಾಗ ನಾನು ಪಕ್ಕದಲ್ಲಿದ್ದೆ. ಪಟ್ಟಿ ಕಾಲಿಗೆ ಅಂಟಿಕೊಂಡಿತ್ತು. ಅವಳು ಅದನ್ನು ಎಳೆದು ಬಿಡಿಸಿದಳು. ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಮಾಂಸ ಕಪ್ಪಾಗಿ ಸೀಳಿತ್ತು, ಒಳಗೆ ಬೆಳ್ಳಗೆ ಏನೋ ಕಾಣುತ್ತಿತ್ತು. ಅದು ಎಲುಬೆಂದು ನನಗೆ ತಕ್ಷಣ ಹೊಳೆಯಲಿಲ್ಲ. ಅವಳು ಬಗ್ಗಿ ನೋಡಿದಳು. ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡಿದಳು. ಆಮೇಲೆ, "ಸಾರಮಿಲ್ಲ, ಅರಿಶಿನ ಹಾಕ್ತೀನಿ" ಎಂದಳು. ಪರವಾಗಿಲ್ಲ ಅನ್ನುವುದಕ್ಕೆ ನಮ್ಮ ಕಡೆ ಎಲ್ಲರೂ ಹೇಳುವ ಮಲಯಾಳದ ಮಾತು ಅದು.

ಮಾರನೆಯ ದಿನ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಾಯ ತೊಳೆದ ನರ್ಸು ಮೀನಖಂಡದ ಬಿಳಿ ಮಚ್ಚೆಯನ್ನು ನೋಡಿ ಕೈ ನಿಲ್ಲಿಸಿದರು. ವರ್ಷದ ಹಿಂದೆ ಮನೆಮನೆಗೆ ಬಂದು ಮೈ ನೋಡಿದ ಆರೋಗ್ಯ ಇಲಾಖೆಯವರಿಗೆ ಇದನ್ನು ತೋರಿಸಲಿಲ್ಲವೇ ಎಂದು ಕೇಳಿದರು. ಆ ದಿನ ಅವಳು ನಾಚಿಕೆಗೆ ಸೌದೆಯ ನೆವ ಹೇಳಿ ಹೊರಟುಹೋಗಿದ್ದಳು. ನರ್ಸು ಅವಳನ್ನು ಬೆಂಚಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿಕೋ, ನಾನು ಮುಟ್ಟಿದಾಗೆಲ್ಲ ಹೇಳು ಎಂದರು. ಅವಳು ಕೈಕಟ್ಟಿ, ಕಣ್ಣು ಮುಚ್ಚಿ ಕೂತಳು. ನರ್ಸು ಹತ್ತಿಯ ಎಳೆಯಿಂದ ಮಚ್ಚೆಯನ್ನು ಸವರಿದರು. ಪಾದದ ಅಂಚನ್ನು ಸವರಿದರು. ಹಿಮ್ಮಡಿಗೆ, ಬೆರಳಿಗೆ ಸೂಜಿಯ ಮೊನೆ ಒತ್ತಿದರು. ಮತ್ತೆ ಒತ್ತಿದರು. ಅವಳು ಒಳ್ಳೆಯ ವಿದ್ಯಾರ್ಥಿಯ ಹಾಗೆ ಕಾಯುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ತಿರುಗಿ, "ಇನ್ನೂ ಸುರು ಮಾಡ್ಲಿಲ್ವಾ?" ಎಂದು ಕೇಳಿದಳು.

ನರ್ಸು ಸೂಜಿಯನ್ನು ಬಟ್ಟಲಲ್ಲಿ ಇಟ್ಟರು.

ಕುಷ್ಠ ಎಂದು ಅವರು ಮೆಲ್ಲಗೆ ಹೇಳಿದರು. ಮಾತ್ರೆ ತಿಂದರೆ ನಿಲ್ಲುತ್ತದೆ, ಒಟ್ಟಿಗೆ ಇದ್ದವರು ಹೆದರಬೇಕಾಗಿಲ್ಲ ಎಂದೂ ಹೇಳಿದರು. ನಾನು ಮೊದಲನೆಯ ಮಾತನ್ನು ಮಾತ್ರ ಕೇಳಿಸಿಕೊಂಡೆ. ಚುರ ಎಂದು ನಾವು ಕರೆಯುವ ಘಟ್ಟದ ರಸ್ತೆ ಇಳಿದು, ಕೆಳಗಿನ ದೊಡ್ಡ ಆಸ್ಪತ್ರೆಗೆ ಅವಳನ್ನು ಸೇರಿಸಿ ಬಂದೆ. ಅಲ್ಲಿ ಅವಳ ಎರಡು ಬೆರಳು ತೆಗೆದರು. ನಾನು ಹಿಂತಿರುಗುವಷ್ಟರಲ್ಲಿ ಅಮ್ಮ ಅವಳ ತಟ್ಟೆ, ಚಾಪೆ, ಬಟ್ಟೆ, ಚಪ್ಪಲಿ ಎಲ್ಲವನ್ನೂ ತೋಟದ ಮೂಲೆಯಲ್ಲಿ ಸುಟ್ಟಿದ್ದಳು. ಹಿತ್ತಾಳೆಯ ಬಕಲು ಬೂದಿಯಲ್ಲಿ ಉಳಿದಿತ್ತು. ತವರಿನವರಿಗೆ ಹೇಳಿಕಳಿಸಿದೆ. ಯಾರೂ ಬರಲಿಲ್ಲ.

ನಾನೂ ಎರಡು ತಿಂಗಳು ಅವಳನ್ನು ನೋಡಲು ಹೋಗಲಿಲ್ಲ. ಬಸ್ಸಿಗೆ ದುಡ್ಡಿಲ್ಲ ಎಂದು ಜನಕ್ಕೆ ಹೇಳುತ್ತಿದ್ದೆ. ನಿಜ ಅದಲ್ಲ. ಬೆಳಕು ಬಂದ ಕೂಡಲೇ ಹಿತ್ತಿಲಿಗೆ ಹೋಗಿ ಮೈಯೆಲ್ಲ ನೋಡಿಕೊಳ್ಳುತ್ತಿದ್ದೆ. ಚೀಲ ಹೊಲಿಯುವ ದಬ್ಬಣದಿಂದ ತೊಡೆ, ತೋಳು, ಪಾದ ಚುಚ್ಚಿಕೊಳ್ಳುತ್ತಿದ್ದೆ. ನೋವಾದರೆ ಸಮಾಧಾನ. ಹೇಗೋ ಸುದ್ದಿ ಮಂಡಿಗೂ ತಲುಪಿತು. ಯಜಮಾನರು ಒಳ್ಳೆಯವರೇ. ನೀನು ಮೆಣಸು ಮುಟ್ಟುವುದು ಬೇಡ, ಜನ ಏನಾದರೂ ಅನ್ನುತ್ತಾರೆ ಎಂದು ತಲೆ ತಗ್ಗಿಸಿ ಹೇಳಿದರು. ಅಲ್ಲಿಗೆ ಆ ಕೆಲಸ ಮುಗಿಯಿತು.

ಆ ದಿನಗಳಲ್ಲಿ ನನ್ನನ್ನು ಹಿಡಿದಿಟ್ಟದ್ದು ಒಂದೇ ಯೋಚನೆ. ಚಪ್ಪಲಿ ಕಚ್ಚುತ್ತಿದ್ದರೂ, ನಾನು ತಂದದ್ದೆಂಬ ಪ್ರೀತಿಗೆ ಅವಳು ಹಲ್ಲು ಕಚ್ಚಿ ನಡೆದಳು. ಹೇಳಿದರೆ ನನಗೆ ಬೇಸರವಾಗುತ್ತದೆಂದು ಮುಚ್ಚಿಟ್ಟಳು. ಹಾಗೆಂದುಕೊಂಡರೆ ಎದೆ ಸುಡುತ್ತಿತ್ತು, ಆದರೂ ಅದರಲ್ಲೊಂದು ಸುಖವಿತ್ತು. ಆ ಸುಖವೇ ಕೊನೆಗೆ ನನ್ನನ್ನು ಬಸ್ಸು ಹತ್ತಿಸಿತು. ಏನು ತೆಗೆದುಕೊಂಡು ಹೋಗಬೇಕೆಂದು ಮೊದಲ ಸಲ ನನಗೆ ತೋಚಲಿಲ್ಲ. ಅಂಗಡಿಗಳ ಮುಂದೆ ನಿಂತು ನಿಂತು ಬರಿಗೈಯಲ್ಲೇ ಹೋದೆ.

ಅವಳು ವಾರ್ಡಿನ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ದಿನಾ ಅಂಗಾಲು ನೋಡಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದಾರೆ, ತನಗೆ ಅಷ್ಟು ಬಗ್ಗಲು ಬರುವುದಿಲ್ಲ, ಒಂದು ಸಲ ನೋಡಿ ಎಂದಳು. ನಾನು ನೆಲಕ್ಕೆ ಕೂತು ಪಾದವನ್ನು ಕೈಗೆತ್ತಿಕೊಂಡೆ. ಬೆರಳ ತುದಿಯಲ್ಲಷ್ಟೇ ಹಿಡಿದಿದ್ದೆ. ಅದು ಅವಳ ಪಾದಕ್ಕೆ ತಿಳಿಯದಿದ್ದರೂ ಅವಳ ಕಣ್ಣಿಗೆ ಕಂಡಿರಬೇಕು. ಏನೂ ಆಗಿಲ್ಲ ಎಂದೆ. ಆಮೇಲೆ, ಅಷ್ಟು ನೋವಾಗುತ್ತಿದ್ದರೂ ಯಾಕೆ ಹೇಳಲಿಲ್ಲ ಎಂದು ಕೇಳಿಬಿಟ್ಟೆ.

"ನೋವೇ ಇರ್ಲಿಲ್ಲ ಕನಿ," ಎಂದಳು. "ಇದ್ದಿದ್ರೆ ಯೋಳ್ತಿರ್ಲಿಲ್ವಾ? ನೀವು ತಂದುದ್ದು ಅಂತ ಸಯಿಸ್ಕೊಂಡಿದ್ದೆ ಅನ್ಕೊಂಡ್ರಾ?"

ಹೌದೆಂದು ತಲೆಯಾಡಿಸಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಅಷ್ಟು ಒಳ್ಳೇಳಲ್ಲ ನಾನು. ಕಚ್ಚಿದ್ರೆ ಅವತ್ತೇ ಬಿಸಾಕ್ತಿದ್ದೆ."

ವಾಪಸು ಬರುವಾಗ ಚುರದ ತಿರುವುಗಳಲ್ಲಿ ಬಸ್ಸು ಹತ್ತುತ್ತಿದ್ದಂತೆ ನಾನು ಅತ್ತೆ. ಮುಂದಿನ ತಿಂಗಳು ಹೋಗುವಾಗ ಒಂದು ಕೈಗನ್ನಡಿ ಕೊಂಡೊಯ್ದೆ. ದುಂಡನೆಯದು, ತಗಡಿನ ಅಂಚಿನದು, ಹಿಡಿ ಉದ್ದವಿದ್ದದ್ದು. ಅಂಚು ಎಲ್ಲಿಯಾದರೂ ಕೊಯ್ಯುತ್ತದೆಯೇ ಎಂದು ಅಂಗಡಿಯಲ್ಲೇ ಬೆರಳಾಡಿಸಿ ನೋಡಿದ್ದೆ. ಕಾಲ ಕೆಳಗೆ ಹಿಡಿದರೆ ಅಂಗಾಲು ಪೂರಾ ಕಾಣುತ್ತಿತ್ತು. ವಾರ್ಡಿನ ಹೆಂಗಸರೆಲ್ಲ ಅದನ್ನು ಸರದಿಯಂತೆ ಇಸಿದುಕೊಂಡರು. ಒಬ್ಬರೂ ಅದರಲ್ಲಿ ಮುಖ ನೋಡಿಕೊಂಡದ್ದನ್ನು ನಾನು ಕಾಣಲಿಲ್ಲ.

ಅವಳು ಮನೆಗೆ ಬರುವ ಹೊತ್ತಿಗೆ ವರ್ಷ ತಿರುಗುತ್ತಿತ್ತು. ಅಮ್ಮ ಒಳಗೆ ಸೇರಿಸಲಿಲ್ಲ. ಪನಮರಂ ರಸ್ತೆಯಲ್ಲಿ ಒಂದು ಕೋಣೆ ಹಿಡಿದೆವು, ನಾನು ಲಾರಿಗಳಿಗೆ ಹೊರೆ ಹೊರುವುದಕ್ಕೆ ಸೇರಿಕೊಂಡೆ. ವರ್ಷಗಟ್ಟಲೆ ಮಾತ್ರೆ ನುಂಗಿದಳು, ರೋಗ ನಿಂತಿತು. ಹೋದ ಬೆರಳು ಹೋದವು, ಹೋದ ಸ್ಪರ್ಶವೂ ಬರಲಿಲ್ಲ. ಬಲಗೈಯ ಕಿರುಬೆರಳು ಮಡಚಿಕೊಂಡಿತು. ಪ್ರತಿ ಮಳೆಗಾಲ ಕಾಲು ಎಲ್ಲಾದರೂ ಒಂದು ಕಡೆ ಬಾಯಿಬಿಡುತ್ತಿತ್ತು. ನಾನು ಅವಳಿಗೆ ತರುತ್ತಿದ್ದದ್ದು ಬಿಸಿ ಪಾತ್ರೆ ಹಿಡಿಯಲು ದಪ್ಪ ಬಟ್ಟೆ, ಮರದ ಹಿಡಿಯ ಸೌಟು, ಹತ್ತಿ. ಒಮ್ಮೆ ಮಲ್ಲಿಗೆ ತಂದೆ. ಅವಳು ಮುಡಿದುಕೊಂಡು, ಬಸ್ಸಿನವರಿಗೆ ಕಾಣದ ಹಾಗೆ ಬಾಗಿಲ ಮರೆಗೆ ಕೂತಳು.

ಆರು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಅಮ್ಮ ಹಲಸಿನ ತೊಳೆಗಳನ್ನು ಎಲೆಯಲ್ಲಿ ಕಟ್ಟಿಕೊಂಡು ಬಂದಳು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ಕೂತಳು. ಏದುಸಿರು ಬಿಡುತ್ತಿದ್ದಳು. ನೀರು ಕೊಡಲೇ ಎಂದು ನನ್ನ ಹೆಂಡತಿ ಕೇಳಿದಳು. ಅಮ್ಮ ತನ್ನ ಚೀಲದಿಂದ ತನ್ನದೇ ಲೋಟ ತೆಗೆದು ನೆಲದ ಮೇಲಿಟ್ಟಳು. ನನ್ನ ಹೆಂಡತಿ ಚೊಂಬನ್ನು ಮೇಲೆತ್ತಿ, ತಾಕದ ಹಾಗೆ, ಒಂದು ಹನಿಯೂ ಚೆಲ್ಲದ ಹಾಗೆ ಅದಕ್ಕೆ ನೀರು ಹೊಯ್ದಳು. ಅಮ್ಮ ಕುಡಿದಳು. ಲೋಟವನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡು ಎದ್ದಳು.

ಅಮ್ಮ ತಿರುವು ದಾಟಿದ ಮೇಲೆ, ಇನ್ನು ಬರಬೇಡ ಎಂದು ಹೇಳಿಬಿಡುತ್ತೇನೆ ಎಂದೆ.

"ಬ್ಯಾಡ," ಎಂದಳು ಅವಳು, ಎಲೆ ಬಿಚ್ಚುತ್ತ. "ಬತ್ತಾರಲ್ಲ. ಅಷ್ಟು ಮತಿ, ಸಾಕು."

ಅಮ್ಮ ಆಮೇಲೂ ಬರುತ್ತಿದ್ದಳು, ಸಾಯುವವರೆಗೂ, ತಿಂಗಳಿಗೊಮ್ಮೆ, ಲೋಟ ತೆಗೆದುಕೊಂಡು.