ದಪ್ಪ ಪುಸ್ತಕವೋ, ತೆಳು ಪುಸ್ತಕವೋ?

ಗೆಳೆಯರೇ, ಇವತ್ತು ನನ್ನಿಂದಾಗಿ ಗಂಗಾವತಿಯ ಪುಸ್ತಕದಂಗಡಿಯಲ್ಲಿ ಜಗಳವಾಯಿತು.

ಸೋಮವಾರದಿಂದ ಎಂಟನೆಯ ತರಗತಿಗೆ ಕಂಪ್ಯೂಟರಿನ ಪೈಥಾನ್ ಭಾಷೆಯನ್ನು ಗಣಿತದ ಟೀಚರಾದ ನಾನೇ ಕಲಿಸಬೇಕಂತೆ. ನನಗೆ ಅದರ ಗಂಧಗಾಳಿಯೂ ಇಲ್ಲ. ಹಾಗೆಂದು ಹೇಳಿ ಪುಸ್ತಕ ಕೇಳಿದೆ. ಅಂಗಡಿಯವರು ಎರಡನ್ನು ಮುಂದಿಟ್ಟರು.

"ದಪ್ಪಂದ ಒಯ್ರಿ ಅಕ್ಕೋರ, ಇದರಾಗ ಎಲ್ಲಾ ಐತಿ."

ಪಕ್ಕದಲ್ಲಿ ಮಗಳಿಗೆ ಕಂಪಾಸು ಕೊಳ್ಳುತ್ತಿದ್ದ ಅಕ್ಕಿ ಗಿರಣಿಯ ಸಾಹುಕಾರರು ತಡೆದರು. "ಹೊಸದಾಗಿ ಕಲಿಯೋರಿಗೆ ಅಷ್ಟು ದಪ್ಪಂದು ಕೊಡ್ತಾರೇನ್ರಿ? ಹೆದರಿ ಬಿಟ್ಟಬಿಡ್ತಾರ. ತೆಳ್ಳಂದ ಛಲೋ."

"ತೆಳ್ಳಂದರಾಗ ಏನೈತ್ರಿ, ಬರೇ ಚಿತ್ರ!"

"ಚಿತ್ರ ಇದ್ರನ ತಲ್ಯಾಗ ಇಳಿತೈತಿ!"

ದನಿ ಏರಿತು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ಇಣುಕಿದರು. ನನಗೋ ಒಳಗೊಳಗೇ ಖುಷಿ, ಇಂಥ ಬಲ್ಲವರು ಸಿಕ್ಕರಲ್ಲ ಎಂದು.

"ನೀವಿಬ್ರೂ ಯಾವ ಪುಸ್ತಕ ಓದಿ ಕಲ್ತ್ರಿ?" ಎಂದೆ.

"ನಾವೆಲ್ಲಿ ಕಲ್ತೇವ್ರಿ?" ಎಂದರು ಸಾಹುಕಾರರು. "ನೀವು ಕಲ್ತ ಮ್ಯಾಲೆ ನಮಗೂ ಒಂದೀಟು ಹೇಳಿಕೊಡ್ರಿ."

"ಐತವಾರ ಪಾಠ ಇಡ್ರಿ ಅಕ್ಕೋರ, ಅಂಗಡಿ ಬಂದ್ ಇರತೈತಿ," ಎಂದರು ಅಂಗಡಿಯವರು.

ಎರಡೂ ಪುಸ್ತಕ ತಂದಿದ್ದೇನೆ. ಇನ್ನೂ ಒಂದನ್ನೂ ತೆರೆದಿಲ್ಲ, ಆಗಲೇ ಇಬ್ಬರು ವಿದ್ಯಾರ್ಥಿಗಳು ಸೇರಿಯಾಗಿದೆ.