ಎರಡನೆಯ ವರ್ಷದ ಸಾಹೇಬರು

ರಾಯಚೂರು ಜಿಲ್ಲೆಯ ಶಾಲೆಗಳಿಗೆ ಯಂತ್ರಗಳನ್ನು ತಂದುಕೊಟ್ಟು ಹಾರ ಹಾಕಿಸಿಕೊಂಡ ಮಹನೀಯರು ಹಲವರಿದ್ದಾರೆ. ತಂದದ್ದನ್ನು ಮುಂದೆ ಸಾಕುವವರು ಯಾರೆಂದು ಕೇಳಿ ಬೈಸಿಕೊಂಡವರು ಜನಾಬ್ ಬುರ್ಹಾನುದ್ದೀನ್ ಸಾಹೇಬರೊಬ್ಬರೇ. ಶಾಲಾ ಉಪಕರಣಗಳ ಉಸ್ತುವಾರಿಯಲ್ಲೇ ತಲೆ ನರೆತು ಇಂದು ನಮ್ಮಿಂದ ನಿವೃತ್ತಿಯ ಬೀಳ್ಕೊಡುಗೆ ಪಡೆಯುತ್ತಿರುವ ಅವರಿಗೆ ಈ ಪ್ರಶ್ನೆ ಅಂಟಿಕೊಂಡದ್ದು ದೇವದುರ್ಗದ ಆಚೆಯ ಒಂದು ಹಳ್ಳಿಯಲ್ಲಿ.

೧೯೭೫ರಲ್ಲಿ ಆ ಊರಿನ ಒಂದೇ ಕೋಣೆಯ ಶಾಲೆಗೆ ಉಪಗ್ರಹದ ಪಾಠ ತೋರಿಸುವ ಟಿ.ವಿ. ಬಂತು. ಅದನ್ನು ಕೂಡಿಸಿ ಬಂದವರು ಇವರೇ. ವರ್ಷ ತುಂಬುತ್ತಲೇ ಪ್ರಸಾರ ನಿಂತಿತು. ಟಿ.ವಿ. ಕೊಡಲು ಬಜೆಟ್ ಇತ್ತು. ಆಮೇಲಿನ ದುರಸ್ತಿಗಾಗಲಿ, ವಾಪಸು ಸಾಗಿಸುವುದಕ್ಕಾಗಲಿ, ಕಡೆಗೆ ಹೋಗಿ ಒಂದು ಮಾತು ಹೇಳಿಬರುವುದಕ್ಕಾಗಲಿ ಯಾರೂ ಬಿಡಿಗಾಸು ಎತ್ತಿಟ್ಟಿರಲಿಲ್ಲ.

ಎರಡು ವರ್ಷದ ಮೇಲೆ ಸಾಹೇಬರು ಅಲ್ಲಿಗೆ ಹೋದಾಗ ಮಕ್ಕಳು ಬಿಸಿಲಲ್ಲಿ ಕುಳಿತು ಓದುತ್ತಿದ್ದರು, ಕೋಣೆಗೆ ಬೀಗ ಬಿದ್ದಿತ್ತು. ಮೊಹರಂ ಮುಗಿದ ಮೇಲೆ ಪೀರ ದೇವರನ್ನು ಪೆಟ್ಟಿಗೆಯಲ್ಲಿಟ್ಟು ಮುಂದಿನ ವರ್ಷದವರೆಗೆ ಮುಟ್ಟದಿರುವುದು ಅಲ್ಲಿನ ಹಿಂದೂ ಮುಸಲ್ಮಾನರೆಲ್ಲರ ಪದ್ಧತಿ. ಟಿ.ವಿ.ಗೂ ಊರು ಅದನ್ನೇ ಮಾಡಿತ್ತು.

ಬೀಗ ತೆಗೆಸಿದರೆ ಒಳಗೆ ಲೋಬಾನದ ಧೂಪದ ವಾಸನೆ, ಹಸಿರು ಬಟ್ಟೆ ಹೊದ್ದ ಟಿ.ವಿ., ಬೇಸಿಗೆಯ ಹಗಲಲ್ಲೂ ಮೈ ಕೊರೆಯುವ ತಂಪು. ಬಟ್ಟೆ ಸರಿಸಿದರು. ಗಾಜಿನ ತುಂಬ ಎಳೆಯ ಅಂಗೈಗಳ ಗುರುತು. ಕರವಸ್ತ್ರದಿಂದ ಒರೆಸಿದರು, ಉಗುರಿನಿಂದ ಕೆರೆದರು, ಹೋಗಲಿಲ್ಲ. ಗುರುತುಗಳಿದ್ದದ್ದು ಗಾಜಿನ ಒಳಮೈಯಲ್ಲಿ. ಸಾಹೇಬರು ಬಟ್ಟೆಯನ್ನು ಮತ್ತೆ ಹೊದಿಸಿಬಿಟ್ಟರು.

ಹೊಸ್ತಿಲು ದಾಟದೆ ನಿಂತಿದ್ದ ಊರ ಹಿರಿಯ ಗದ್ದೆಪ್ಪನವರು ಹೇಳಿದರು: "ಸಂಜಿ ಆದ್ರ ಒಳಗಿನ ಹುಡುಗ್ರು ಗಾಜು ಬಡಿತಾವ್ರೀ ಸಾಹೇಬ್ರ. ಅದಕ್ಕ ನಮ್ಮವನ್ನ ಒಳಗ ಬಿಡಂಗಿಲ್ಲ. ಪಾಠ ತಿರುಗಿ ಯಾವಾಗ ಬರ್ತದ?"

"ಬರಂಗಿಲ್ಲ ಯಪ್ಪಾ. ಅದು ಮುಗೀತು."

ಗದ್ದೆಪ್ಪನವರು ಬಿಸಿಲಲ್ಲಿ ಕುಳಿತ ಮಕ್ಕಳತ್ತ ತಿರುಗಿ ನೋಡಿದರು. "ಹಂಗಂತ ನಮಗ್ಯಾರೂ ಹೇಳಿಲ್ಲಲ್ರೀ," ಎಂದರು.

ನಾಚಿಕೆಯಿಂದ ತಲೆ ತಗ್ಗಿಸಿದ ಸಾಹೇಬರು ಆವತ್ತೇ ಎತ್ತಿನ ಬಂಡಿ ಹೂಡಿಸಿ, ಟಿ.ವಿ.ಯನ್ನು ತಾವೇ ಹೊತ್ತು ಏರಿಸಿದರು. ಮಕ್ಕಳಿಗೆ ಕೋಣೆ ಮರಳಿ ಸಿಕ್ಕಿತು. ಆದರೆ ಟಿ.ವಿ. ಇದ್ದ ಮೂಲೆಗೆ ಬೆನ್ನು ಮಾಡಿ ಕೂರಲು ಯಾವ ಮಗುವೂ ಬಹಳ ದಿನ ಒಪ್ಪಲಿಲ್ಲ.

ಅಂದಿನಿಂದ ಪ್ರತಿ ಸಭೆಯಲ್ಲೂ ಅವರದೊಂದೇ ಸವಾಲು: "ಎರಡನೇ ವರ್ಷ ಯಾರು ನೋಡ್ಕೋತಾರ್ರೀ?" ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರೆಂದು ಮೇಲಿನವರು ನಕ್ಕರು, ಎರಡು ಸಲ ವರ್ಗವನ್ನೂ ಮಾಡಿದರು. ಸಾಹೇಬರು ಪಟ್ಟು ಬಿಡಲಿಲ್ಲ.

ಈ ವರ್ಷ ಮಾನ್ವಿಯ ಶಾಲೆಯೊಂದಕ್ಕೆ ಕಂಪ್ಯೂಟರ್ ಬಂದಿದೆ. ಕರೆಂಟು, ರಿಪೇರಿ, ಕಡೆಗೆ ಹೊತ್ತೊಯ್ಯುವ ಖರ್ಚು, ಎಲ್ಲಕ್ಕೂ ಹಣ ತೆಗೆದಿರಿಸಿದ ಮೇಲೆಯೇ ಅವರು ರುಜು ಹಾಕಿದ್ದು. ಅದು ಸತ್ತ ದಿನ ಮಕ್ಕಳ ಮುಂದೆ ನಿಂತು ಹೇಳುವವರು ಯಾರೆಂದೂ ಕೇಳಿದರು. ಯಾರೂ ಮುಂದೆ ಬಾರದ್ದರಿಂದ ಕಾಗದದ ಆ ಸಾಲಿನಲ್ಲಿ ತಮ್ಮ ಹೆಸರನ್ನೇ ಬರೆದಿದ್ದಾರೆ. ಆದಕಾರಣ, ಮಾನ್ಯ ಸಾಹೇಬರೇ, ತಾವು ದೀರ್ಘಾಯುಗಳಾಗಲೇಬೇಕು. ಆ ಯಂತ್ರಕ್ಕಿಂತ ಒಂದು ದಿನವಾದರೂ ಹೆಚ್ಚಿಗೆ.