ಹಳಿಯ ಸದ್ದು ಕೇಳಿತು ಎಂದೆ

ಇದು ನಡೆದು ಎರಡು ವರ್ಷವಾಯಿತು. ಶಿವರಾತ್ರಿ ಕಳೆದ ಮಾರನೆಯ ವಾರ ಅದು. ಅಣ್ಣ ನಂಜಪ್ಪನ ತೊಡೆಯ ಮೂಳೆ ಮುರಿದ ದಿನ ಎಂದು ನಮ್ಮ ನೆಂಟರು ಅದನ್ನು ನೆನೆಯುತ್ತಾರೆ. ನನಗೆ ಮಾತ್ರ ಅದು ನಾನು ಸುಳ್ಳು ಹೇಳಿದ ದಿನ.

ನಮ್ಮದು ತಮಿಳುನಾಡಿನ ಸಿರುಮುಗೈ ಹತ್ತಿರದ ಒಂದು ಹಳ್ಳಿ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಚಿಕ್ಕಂದಿನಲ್ಲಿ ನಾನು ಚಾಮರಾಜನಗರದ ಕಡೆ ಅಜ್ಜಿಯ ಮನೆಯಲ್ಲಿದ್ದು ಐದನೇ ತರಗತಿಯವರೆಗೆ ಓದಿದೆ. ಹಾಗಾಗಿ ಕನ್ನಡ ಬರೆಯಬಲ್ಲೆ. ತಮಿಳು ಬಾಯಲ್ಲಿ ಮಾತ್ರ. ಅಣ್ಣ ಶಾಲೆಗೆ ಹೋದವನೇ ಅಲ್ಲ. ಅಪ್ಪನ ಬಾಳೆ ತೋಟ ಕಾಯುತ್ತಾ ಬೆಳೆದವನು. ಆನೆ ಎಲ್ಲಿದೆ, ಎತ್ತ ಹೋಗುತ್ತದೆ ಎಂದು ಗಾಳಿ ನೋಡಿಯೇ ಹೇಳುತ್ತಿದ್ದ. ಸುತ್ತಲಿನ ತೋಟದವರು ಅವನನ್ನು ಕೇಳದೆ ಸಂಜೆ ನೀರು ಕಟ್ಟಲು ಹೋಗುತ್ತಿರಲಿಲ್ಲ. 'ಆನೆ ನಂಜಪ್ಪ' ಎಂದೇ ಅವನಿಗೆ ಹೆಸರು.

ನಮ್ಮೂರಿನಿಂದ ಜೀಪಿನಲ್ಲಿ ಒಂದು ಗಂಟೆ ಹೋದರೆ, ಕಾಡಿನ ಅಂಚಿನಲ್ಲಿ, ಭವಾನಿ ಹೊಳೆಯ ಹಿನ್ನೀರಿನ ಮೇಲ್ಗಡೆ ಒಂದು ಲಾಡ್ಜ್ ಇದೆ. ಆರೇ ಕೋಣೆ. ನನ್ನ ಗಂಡ ತೀರಿಕೊಂಡ ಮೇಲೆ ಅಣ್ಣನೇ ಮಾಲೀಕರ ಹತ್ತಿರ ಮಾತಾಡಿ ನನಗೆ ಅಲ್ಲಿ ಅಡಿಗೆ ಕೆಲಸ ಕೊಡಿಸಿದ. ಅವನು ಅಲ್ಲಿ ಕಾವಲಿಗಿದ್ದ.

ಆ ಲಾಡ್ಜಿನ ವಿಶೇಷವೇ ನಾಲ್ಕು ಗಂಟೆಯ ಟೀ. ಅದನ್ನು ಕೋಣೆಯಲ್ಲಿ ಕೊಡುವುದಿಲ್ಲ. ಹತ್ತು ನಿಮಿಷ ಕಾಲುದಾರಿಯಲ್ಲಿ ನಡೆದರೆ ಒಂದು ದೊಡ್ಡ ಬಂಡೆ, ಕೆಳಗೆ ನೀರು. ಬಂದವರನ್ನು ಅಲ್ಲಿ ಕೂರಿಸಿ ಟೀ, ಬಾಳೆಕಾಯಿ ಬಜ್ಜಿ ಕೊಡುತ್ತೇವೆ. ಆದರೆ ಆನೆ ನೀರಿಗೆ ಇಳಿಯುವ ಹೊತ್ತೂ ಅದೇ. ಅದಕ್ಕೆ ಅಣ್ಣ ಒಂದು ಪದ್ಧತಿ ಮಾಡಿದ್ದ. ಮೂರೂವರೆಗೆ ಅವನೊಬ್ಬನೇ ಹೋಗಿ ಸುತ್ತ ನೋಡುತ್ತಿದ್ದ. ಏನೂ ಇಲ್ಲವೆಂದರೆ, ಬಂಡೆಯ ಪಕ್ಕದ ಮರಕ್ಕೆ ನೇತುಹಾಕಿದ್ದ ರೈಲು ಹಳಿಯ ತುಂಡಿಗೆ ಎರಡು ಏಟು. ಆಮೇಲೆ ನಾನು ಜನರನ್ನು ಕರೆದುಕೊಂಡು ಹೊರಡಬೇಕು.

ನಾನು ಸೇರಿದ ಮೊದಲ ದಿನವೇ ಹೇಳಿದ್ದ. "ಅಮ್ಮಣಿ, ಸದ್ದು ಬಂದ್ರೆ ಬಾ. ಬರ್ಲಿಲ್ಲ ಅಂದ್ರೆ ನಾ ಮರ್ತಿದೀನಿ ಅಂತ ನಿನೈಸ್ಬೇಡ. ಆನೆ ಪಕ್ಕದಾಗೆ ಇದ್ರೆ ಸದ್ದು ಮಾಡಕ್ಕಾಗಲ್ಲ. ಸದ್ದಿಲ್ಲದೇ ಇರೋದೇ ನನ್ನ ಸದ್ದು." ನಮ್ಮ ಕಡೆ ತಂಗಿಯನ್ನು ಪ್ರೀತಿಯಿಂದ ಅಮ್ಮಣಿ ಅನ್ನುತ್ತಾರೆ.

ಆ ವಾರ ಕೊಯಮತ್ತೂರಿನಿಂದ ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ಇಬ್ಬರು ಸಣ್ಣ ಮಕ್ಕಳು, ಒಬ್ಬ ಅಜ್ಜಿ. ಅವರಿಗಿಂತ ಮುಂಚೆ ಬಂದು ಹೋದವರು ಯಾರೋ ಲಾಡ್ಜಿನ ಬಗ್ಗೆ ಫೋನಿನಲ್ಲಿ ಬರೆದಿದ್ದರಂತೆ, ಟೀ ಆರಿತ್ತು, ಬಜ್ಜಿ ಮೆತ್ತಗಿತ್ತು ಎಂದು. ಮಾಲೀಕರು ಅದನ್ನು ಎಲ್ಲರ ಮುಂದೆ ನನಗೆ ಓದಿ ಹೇಳಿದ್ದರು. ಹೆಚ್ಚು ಓದದವಳಿಗೆ ಕೈರುಚಿ ಒಂದೇ ಮರ್ಯಾದೆ. ಅದೂ ಹೋಯಿತಲ್ಲ ಎಂದು ಎರಡು ದಿನ ನಿದ್ದೆ ಬಂದಿರಲಿಲ್ಲ.

ಅವತ್ತು ನಾಲ್ಕು ಗಂಟೆಗೆ ಸರಿಯಾಗಿ ಬಜ್ಜಿ ಎಣ್ಣೆಯಿಂದ ತೆಗೆದೆ. ಒಳ್ಳೆ ಗರಿಗರಿ. ಸದ್ದು ಬರಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಮಕ್ಕಳು ಮೆಟ್ಟಿಲಲ್ಲಿ ಕುಣಿಯುತ್ತಿದ್ದವು. ಆ ಗಂಡಸು ಬಿಸಿಲು ಹೋದರೆ ಫೋಟೋ ಚೆನ್ನಾಗಿ ಬರಲ್ಲ ಎಂದು ಎರಡು ಸಲ ಹೇಳಿದರು. ನಾನು ಬುಟ್ಟಿಯ ಮೇಲಿನ ಬಟ್ಟೆ ಎತ್ತಿ ಬಜ್ಜಿ ಮುಟ್ಟಿ ನೋಡಿದೆ. ಮಧ್ಯಾಹ್ನ ಅಣ್ಣ ಎರಡು ಮುದ್ದೆ ಉಂಡಿದ್ದ. ಬಂಡೆಯ ನೆರಳಿನಲ್ಲಿ ಕಣ್ಣು ಮುಚ್ಚಿರಬೇಕು ಎಂದುಕೊಂಡೆ. ಹಾಗೆ ಅವನು ಒಂದು ದಿನವೂ ಮಾಡಿದವನಲ್ಲ ಎಂದು ನನಗೆ ಗೊತ್ತಿತ್ತು.

ಹೊರಗೆ ಬಂದು, ಹಳಿ ಬಾರಿಸಿದ್ದಾಯಿತು, ಹೋಗೋಣ ಎಂದು ತಮಿಳಿನಲ್ಲಿ ಹೇಳಿದೆ. ಅಜ್ಜಿ, ನಮಗೆ ಕೇಳಿಸಲೇ ಇಲ್ಲವಲ್ಲ ಎಂದರು. ನನ್ನ ಕಿವಿಗೆ ಅಭ್ಯಾಸ ಅಜ್ಜಿ, ಎಂದು ನಕ್ಕೆ.

ಬುಟ್ಟಿ ಸೊಂಟದಲ್ಲಿಟ್ಟುಕೊಂಡು ನಾನು ಮುಂದೆ, ಫ್ಲಾಸ್ಕ್ ಹಿಡಿದು ಆ ಗಂಡಸು ಹಿಂದೆ. ದಾರಿ ಕೊನೆಗೆ ಒಂದು ಕಡೆ ತಿರುಗುತ್ತದೆ. ತಿರುಗಿದೆ. ಮೊದಲು ಬಂದದ್ದು ವಾಸನೆ. ಆಮೇಲೆ ಕಂಡಿತು. ಮೂವತ್ತು ಹೆಜ್ಜೆ ದೂರದಲ್ಲಿ ಹೆಣ್ಣಾನೆಯ ಬೆನ್ನು, ಅದರ ಕಾಲಿನ ಸಂದಿಯಲ್ಲಿ ಮರಿ. ಅದರಾಚೆ ಬಂಡೆಯ ಮೇಲೆ ಅಣ್ಣ ಬೋರಲಾಗಿ ಮಲಗಿದ್ದ. ನನ್ನನ್ನು ನೋಡಿದ. ಬೇಡ ಬೇಡ ಎಂದು ಕೈ ಅಲ್ಲಾಡಿಸಿದ. ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಅದರಲ್ಲಿ ಕೋಪವಿರಲಿಲ್ಲ. ನಂಬಲಾಗದವನ ಮುಖ ಅದು.

ಹಿಂದಿನಿಂದ ಸಣ್ಣ ಮಗು, ಆನೆ, ಆನೆ ಎಂದು ಚಪ್ಪಾಳೆ ತಟ್ಟಿತು.

ಆನೆ ತಿರುಗಿತು. ಕಿವಿ ಅಗಲವಾಯಿತು. ನಮ್ಮ ಕಡೆಗೆ ಎರಡು ಹೆಜ್ಜೆ ಇಟ್ಟಿರಬಹುದು, ಅಷ್ಟರಲ್ಲಿ ಅಣ್ಣ ಎದ್ದು ನಿಂತು ಹಳಿಗೆ ಬಾರಿಸತೊಡಗಿದ. ಎರಡಲ್ಲ, ಹತ್ತಲ್ಲ, ಬಾರಿಸುತ್ತಲೇ ಇದ್ದ. ಆನೆ ನಮ್ಮನ್ನು ಬಿಟ್ಟು ಅವನ ಕಡೆಗೆ ತಿರುಗಿತು.

ನಾನು ಓಡಿದೆ. ಮಕ್ಕಳನ್ನು ಅವರ ಅಪ್ಪ ಅಮ್ಮ ಎತ್ತಿಕೊಂಡರು, ನಾನಲ್ಲ. ಅಜ್ಜಿಯ ಕೈ ಕೂಡ ಹಿಡಿಯಲಿಲ್ಲ. ಹಿಂದೆ ಹಳಿಯ ಸದ್ದು ಒಮ್ಮೆಲೇ ನಿಂತಿತು. ಆಗಲೂ ತಿರುಗಿ ನೋಡಲಿಲ್ಲ. ಲಾಡ್ಜ್ ಮೆಟ್ಟಿಲು ಹತ್ತಿದ ಮೇಲೆ ನೋಡುತ್ತೇನೆ, ಬುಟ್ಟಿ ನನ್ನ ಸೊಂಟದಲ್ಲೇ ಇತ್ತು. ಒಂದು ಬಜ್ಜಿಯೂ ಬಿದ್ದಿರಲಿಲ್ಲ. ಇನ್ನೂ ಬೆಚ್ಚಗಿತ್ತು.

ಅಣ್ಣ ಬಂಡೆಯ ಆಚೆಗೆ ಹಾರಿ ಕೊರಕಲಿಗೆ ಬಿದ್ದಿದ್ದ. ಆನೆ ಮರವನ್ನು ಹಳಿಯ ಸಮೇತ ಕೆಡವಿ, ಮರಿಯನ್ನು ಕರೆದುಕೊಂಡು ಹೋಗಿತ್ತು. ಅರಣ್ಯದವರು ಬಂದು ಅವನನ್ನು ಮೇಲೆತ್ತಿದರು. ಜೀಪು ಹೊರಡುವ ಮುಂಚೆ ಮಾಲೀಕರು ನನ್ನನ್ನು ಕೇಳಿದರು, ಹಳಿ ಬಾರಿಸಿದ್ದನೋ ಇಲ್ಲವೋ ಎಂದು. ಈ ಕೆಲಸ ಹೋದರೆ ಮಗಳ ನರ್ಸಿಂಗ್ ಓದು ನಿಂತಿತು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಬಾರಿಸಿದ್ದ, ಕೇಳಿತು ಎಂದೆ. ಆ ಗಂಡಸು, ಹೌದು, ನಾವೂ ಕೇಳಿದೆವು ಎಂದರು. ಅವರು ಸುಳ್ಳು ಹೇಳಲಿಲ್ಲ. ನಮ್ಮ ಜೀವ ಉಳಿಸಲು ಬಾರಿಸಿದ ಸದ್ದನ್ನೇ ಅವರು ಕೇಳಿದ್ದು. ಮೊದಲು ಯಾವುದು, ಆಮೇಲೆ ಯಾವುದು ಎಂದು ಆ ಗಾಬರಿಯಲ್ಲಿ ಯಾರಿಗೆ ನೆನಪು? ಅಜ್ಜಿ ಮಾತ್ರ ನನ್ನನ್ನೇ ನೋಡುತ್ತಾ ಕೂತಿದ್ದರು.

ಮೆಟ್ಟುಪಾಳ್ಯಂ ಆಸ್ಪತ್ರೆಯಲ್ಲಿ ಮಾಲೀಕರು ಅಣ್ಣನನ್ನೂ ಕೇಳಿದರು. ನಾನು ಅವನ ಕಾಲ ಹತ್ತಿರ ನಿಂತಿದ್ದೆ. ಅವನು ಒಂದು ಸಲ ನನ್ನ ಕಡೆ ನೋಡಿ, ಹೌದು ಸಾರ್, ಬಾರಿಸಿದೆ ಎಂದ. ಅಷ್ಟೇ.

ಸರಿಯಾಗಿ ನೋಡದೆ ಜನರನ್ನು ಕರೆದವನು ಎಂದು ಅವನ ಕೆಲಸ ಹೋಯಿತು. ಊರಿನಲ್ಲೂ ಸುದ್ದಿ ಹರಡಿತು. ಆಮೇಲೆ ತೋಟದವರು ಯಾರೂ ಅವನನ್ನು ಕೇಳಲಿಲ್ಲ. ಟೀ ಅಂಗಡಿಯಲ್ಲಿ ಒಬ್ಬ, "ಏನಪ್ಪಾ ಆನೆ ನಂಜಪ್ಪ, ಹಿಂದಿದ್ದ ಆನೇನೇ ಕಾಣ್ಲಿಲ್ವಾ?" ಎಂದನಂತೆ. ಕಾಲು ಊರುವಂತಾದ ಮಾರನೆಯ ತಿಂಗಳೇ ಅಣ್ಣ ಊರು ಬಿಟ್ಟ. ಈಗ ತಿರುಪ್ಪೂರಿನಲ್ಲಿ ಒಂದು ಬನಿಯನ್ ಕಂಪನಿಯ ಗೇಟಿನಲ್ಲಿ ಕೂರುತ್ತಾನೆ. ಕುಂಟುತ್ತಾನೆ. ನಾನು ಅದೇ ಲಾಡ್ಜಿನಲ್ಲಿ ಬಜ್ಜಿ ಕರಿಯುತ್ತಿದ್ದೇನೆ.

ಅಣ್ಣ ಇದರ ಬಗ್ಗೆ ಒಂದು ಮಾತೂ ಆಡಿಲ್ಲ. ಕ್ಷಮಿಸಿದ್ದಾನೆ ಎಂದೇ ನಾನು ನಂಬಿಕೊಂಡಿದ್ದೆ. ಆದರೂ ಎದೆಯ ಭಾರ ಇಳಿಯಲಿಲ್ಲ. ಅದಕ್ಕೇ ಇದನ್ನು ಬರೆದೆ. ಪತ್ರಿಕೆಗೆ ಕಳಿಸುವ ಮುಂಚೆ ಅವನಿಗೆ ಓದಿ ಹೇಳಬೇಕು ಅನ್ನಿಸಿ ಹೋದ ಭಾನುವಾರ ತಿರುಪ್ಪೂರಿಗೆ ಹೋದೆ. ಅವನ ಕೋಣೆಯಲ್ಲಿ ಒಂದೇ ಕುರ್ಚಿ. ನನ್ನನ್ನು ಕೂರಿಸಿ, ತಾನು ಗೋಡೆ ಹಿಡಿದು ನಿಂತು ಟೀ ಕಾಯಿಸಿದ. ಲೋಟ ನನ್ನ ಕೈಗೆ ಕೊಟ್ಟು, "ಆರಿ ಹೋಗೋಕ್ಕೆ ಮುಂಚೆ ಕುಡಿ" ಎಂದ. ಲೋಟ ಕೆಳಗಿಟ್ಟು ಹಾಳೆ ಬಿಚ್ಚಿದೆ.

ಅಲ್ಲಿಯವರೆಗೆ ಬರೆದದ್ದನ್ನೆಲ್ಲ ಓದಿದೆ. ಅಣ್ಣ ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ, ಪರವಾಗಿಲ್ಲ ಬಿಡು ಎನ್ನುತ್ತಾನೆ ಎಂದು ನಾನು ಕಾದೆ.

"ಚೆನ್ನಾಗಿ ಬರ್ದಿದೀಯ ಅಮ್ಮಣಿ," ಎಂದ. "ಆದ್ರೆ ಮುದಲಾಳಿಗೆ ಕನ್ನಡ ಬರಲ್ವಲ್ಲ."

ಮಾಲೀಕರನ್ನು ನಾವು ಮುದಲಾಳಿ ಅನ್ನುತ್ತೇವೆ. ನನಗೆ ಕಪಾಳಕ್ಕೆ ಹೊಡೆದಂತಾಯಿತು. ಎರಡು ವರ್ಷ ಅವನು ಸುಮ್ಮನಿದ್ದದ್ದನ್ನು ಕ್ಷಮೆ ಎಂದುಕೊಂಡಿದ್ದೆ. ಅವನ ಮೌನದ ಅರ್ಥ ತಿಳಿದಿದ್ದೂ, ಎರಡನೆಯ ಸಲವೂ ನನಗೆ ಅನುಕೂಲವಾದದ್ದನ್ನೇ ಕೇಳಿಸಿಕೊಂಡಿದ್ದೆ.

ತಮಿಳು ಬರೆಯಲು ನನಗೆ ಬರುವುದಿಲ್ಲ. ಬಾಯಲ್ಲೇ ಹೇಳಬೇಕು. ಬರುವ ಬುಧವಾರ ಮಾಲೀಕರು ಲಾಡ್ಜಿಗೆ ಬರುತ್ತಾರೆ. ನಾಲ್ಕು ಗಂಟೆಗೆ ಅವರಿಗೆ ಟೀ ಕೊಡಬೇಕಾದವಳು ನಾನೇ.